ನಾಲ್ಕನೇ ಸಿಲಿಂಡರ್‌ನ ಮಿಸ್ಸಿಂಗು, ಆಮೇಲೆ ನಾನೇ ತಂದುಕೊಂಡ ಇನ್ನೊಂದು

ಏರು ರಸ್ತೆ, ಮೂರನೇ ಗೇರು, ಆರ್‌ಪಿಎಂ ಮುಳ್ಳು 4500ರ ಹತ್ತಿರ. ಎಕ್ಸಲರೇಟರ್ ಪೂರ್ತಿ ಒತ್ತಿದ್ದೆ. ಈ ಕಾರಿನ ಮಜಾ ಇರುವುದೇ ಅಲ್ಲಿ. ಅಲ್ಲಿಂದ ಮೇಲೆ ಇಂಜಿನ್ನಿನ ದನಿ ಬದಲಾಗುತ್ತದೆ, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಆವತ್ತು ಅಂಟಲಿಲ್ಲ. ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗೆ ಗಾಡಿ ಎರಡು ಮೂರು ಸಲ ಮುಗ್ಗರಿಸಿತು. ಚೆಕ್ ಇಂಜಿನ್ ಲೈಟು ಮಿನುಗತೊಡಗಿತು. ಕಾಲು ತೆಗೆದೆ. ತಕ್ಷಣ ಎಲ್ಲ ಸರಿಹೋಯಿತು, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ.

ಹಳೆಯ ಕಾರು ಅದು. ಎರಡು ಸೀಟು, ಬೆನ್ನ ಹಿಂದೆ ಇಂಜಿನ್, ಆರು ಸಿಲಿಂಡರ್, ಟರ್ಬೋ ಇಲ್ಲ. ಸಿಲಿಂಡರ್‌ಗಳು ಮೂರು ಈ ಕಡೆ ಮೂರು ಆ ಕಡೆ ಮಲಗಿರುತ್ತವೆ. ಪ್ರತಿ ಸ್ಪಾರ್ಕ್ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್, ಅಂದರೆ ಕಿಡಿ ಹಾರಿಸಲು ಬೇಕಾದ ಸಾವಿರಾರು ವೋಲ್ಟ್ ಕೊಡುವ ಸಾಮಾನು. ಈ ಪ್ಲಗ್ಗುಗಳನ್ನು ತಲುಪಬೇಕೆಂದರೆ ಗಾಡಿ ಎತ್ತಿ, ಹಿಂದಿನ ಚಕ್ರ ಬಿಚ್ಚಿ, ಪಕ್ಕದಿಂದ ಕೈ ತೂರಿಸಬೇಕು. ಕಣ್ಣಿಗೆ ಕಾಣುವುದಿಲ್ಲ, ಬೆರಳೇ ನೋಡಬೇಕು. ಇದನ್ನು ಮೊದಲೇ ಯಾಕೆ ಹೇಳಿದೆನೆಂದರೆ, ನಾನು ಮಾಡಿದ ಅರ್ಧ ತಪ್ಪುಗಳಿಗೆ ಕಾರಣ ಈ ಸೋಮಾರಿತನವೇ. ಒಂದು ಸಲ ಬಿಚ್ಚಿದ ಮೇಲೆ ಎಲ್ಲ ಕೆಲಸ ಮುಗಿಸಿಬಿಡೋಣ, ಮತ್ತೆ ಯಾರು ಬಿಚ್ಚುತ್ತಾರೆ ಅಂತ.

ಮನೆಗೆ ಬಂದು ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಚುಚ್ಚಿದೆ. ಪಿ0304 ಅಂತ ತೋರಿಸಿತು. ಪಿ0300 ಬಂದರೆ ಮಿಸ್‌ಫೈರ್ (ಸಿಲಿಂಡರ್ ಉರಿಯದೆ ತಪ್ಪುವುದು, ನಾವು ಮಿಸ್ಸಿಂಗ್ ಅನ್ನುವುದು) ಇದೆ, ಆದರೆ ಇಂಥದೇ ಸಿಲಿಂಡರ್ ಅಂತ ಹೇಳಲಾಗದು ಅಥವಾ ಒಂದಕ್ಕಿಂತ ಜಾಸ್ತಿ ಇವೆ ಎಂದರ್ಥ. ಕೊನೆಯ ಅಂಕಿ ಬದಲಾದರೆ ಆ ಅಂಕಿಯೇ ಸಿಲಿಂಡರ್ ನಂಬರ್. ಅಂದರೆ ನಾಲ್ಕನೆಯದು. ಇಷ್ಟು ಗೊತ್ತಾದ ಕೂಡಲೇ ನಾನು ಮಾಡಿದ್ದೇನು? ಕೋಡ್ ಅಳಿಸಿದೆ. ಅದರ ಜೊತೆಗಿದ್ದ ಮಾಹಿತಿಯನ್ನು ನೋಡಲೂ ಇಲ್ಲ. ಆರು ಕಾಯಿಲ್, ಆರು ಪ್ಲಗ್ ತರಿಸಿದೆ. ಒಂದು ಭಾನುವಾರ ಇಡೀ ದಿನ ಕೂತು ಎಲ್ಲ ಬದಲಾಯಿಸಿದೆ. ಹಳೆಯ ಕಾಯಿಲ್‌ಗಳನ್ನು, ಯಾವುದು ಎಲ್ಲಿಂದ ಬಂತು ಅಂತ ಗುರುತೂ ಹಾಕದೆ, ಒಂದು ರಟ್ಟಿನ ಡಬ್ಬಿಗೆ ಎಸೆದೆ.

ನಾಲ್ಕು ದಿನ ಗಾಡಿ ಬೆಣ್ಣೆ ಹಾಗೆ ಓಡಿತು. ಕೊಂಡಿದ್ದೂ ಸಾರ್ಥಕ, ಮೈ ಕೈ ನೋವೂ ಸಾರ್ಥಕ ಅಂದುಕೊಂಡೆ.

ಐದನೇ ದಿನ ಅದೇ ಏರು, ಅದೇ ಗೇರು, ಅದೇ ಮುಗ್ಗರಿಕೆ. ಈ ಸಲದ ಕೋಡ್ ಪಿ0302.

ಗೆಳೆಯನಿಗೆ ಫೋನ್ ಮಾಡಿದೆ. ಅವನು ಈ ಕೆಲಸದಲ್ಲಿ ನನಗಿಂತ ಹತ್ತು ಪಾಲು ಪಳಗಿದವನು. ಎಲ್ಲ ಕೇಳಿಸಿಕೊಂಡು, "ಗುರೂ, ಎಲ್ಲಾ ಹೊಸದು ಹಾಕಿದೆ ಅಂತೀಯಲ್ಲ, ಹಾಗಾದ್ರೆ ಈಗ ನಿನ್ನ ಹತ್ರ ಅನುಮಾನ ಪಡೋಕೆ ಹನ್ನೆರಡು ಹೊಸ ಸಾಮಾನು ಇದಾವೆ" ಅಂದ. ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ಅವನು ಉತ್ತರವನ್ನೇ ಹೇಳಿಬಿಟ್ಟಿದ್ದ. ನಾನು ಕೇಳಿಸಿಕೊಳ್ಳಲಿಲ್ಲ ಅಷ್ಟೆ.

ಸರಿ, ಈ ಸಲ ನೆಟ್ಟಗೆ ಮಾಡೋಣ ಅಂತ ಕೂತೆ. ಮೊದಲು ಈ ಮಿಸ್‌ಫೈರ್ ಆಗಿದ್ದು ಇಸಿಯುಗೆ, ಅಂದರೆ ಇಂಜಿನ್ನನ್ನು ನಡೆಸುವ ಕಂಪ್ಯೂಟರಿಗೆ, ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದು. ಹೆಚ್ಚಿನ ಕಾರುಗಳಲ್ಲಿ ಸಿಲಿಂಡರ್ ಒಳಗೆ ಬೆಂಕಿ ಹತ್ತಿತೋ ಇಲ್ಲವೋ ಎಂದು ನೋಡುವ ಸೆನ್ಸರ್ರೇ ಇರುವುದಿಲ್ಲ. ಇಸಿಯು ನೋಡುವುದು ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ನುಗಳು ತಳ್ಳಿ ತಿರುಗಿಸುವ ಇಂಜಿನ್ನಿನ ಮುಖ್ಯ ದಂಡ, ತಿರುಗುವ ವೇಗವನ್ನು. ಕ್ರ್ಯಾಂಕ್ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. ಬಹಳ ಕಾರುಗಳಲ್ಲಿ 60 ಹಲ್ಲಿನ ಜಾಗದಲ್ಲಿ 58 ಹಲ್ಲು ಇರುತ್ತವೆ, ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ, ಸುತ್ತು ಎಲ್ಲಿ ಶುರುವಾಯಿತು ಎಂದು ತಿಳಿಯಲಿ ಅಂತ. ಸೆನ್ಸರ್ ಮುಂದೆ ಒಂದೊಂದು ಹಲ್ಲು ಹಾದುಹೋಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಇಸಿಯು ಅಳೆಯುತ್ತಲೇ ಇರುತ್ತದೆ. ಒಂದು ಸಿಲಿಂಡರ್ ಉರಿದರೆ ಕ್ರ್ಯಾಂಕಿಗೆ ಒಂದು ತಳ್ಳು. ಉರಿಯದಿದ್ದರೆ ಆ ತಳ್ಳು ಇಲ್ಲ, ಅಷ್ಟು ಹೊತ್ತು ಕ್ರ್ಯಾಂಕ್ ಚೂರು ನಿಧಾನವಾಗುತ್ತದೆ. ಆರು ಸಿಲಿಂಡರ್ ಇಂಜಿನ್ನಿನಲ್ಲಿ 120 ಡಿಗ್ರಿಗೊಂದು ತಳ್ಳು. 6000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡು, ಅಂದರೆ ಒಂದು ತಳ್ಳಿಗೂ ಇನ್ನೊಂದಕ್ಕೂ ನಡುವೆ ಬರೀ 3.3 ಮಿಲಿಸೆಕೆಂಡು. ಅದರಲ್ಲಿ ಆಗುವ ಸಣ್ಣ ತಡವರಿಕೆಯನ್ನು ಹಿಡಿದು, ಅದು ಯಾವ ಸಿಲಿಂಡರ್ ಸರದಿ ಅಂತ ಲೆಕ್ಕ ಹಾಕಿ, ಒಂದೊಂದರ ಹೆಸರಿನಲ್ಲೂ ಖಾತೆ ಬರೆಯುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರಗಳು ಕುಲುಕಿದರೂ ಕ್ರ್ಯಾಂಕಿನ ವೇಗ ಏರುಪೇರಾಗುವುದರಿಂದ ಕೆಲವೊಮ್ಮೆ ಇದಕ್ಕೆ ಮೋಸವೂ ಆಗುತ್ತದೆ.

ಇದರಿಂದ ಒಂದು ಮಾತು ಖಾತ್ರಿ. ಕೋಡ್ ಹೇಳುವುದು "ಎರಡನೇ ಸಿಲಿಂಡರ್ ತಳ್ಳಲಿಲ್ಲ" ಎಂದು ಮಾತ್ರ. ಕಾಯಿಲ್ ಹೋಗಿದೆ ಅಂತ ಅದು ಎಲ್ಲೂ ಹೇಳಿಲ್ಲ. ಕಿಡಿ ಇರಲಿಲ್ಲವೋ, ಪೆಟ್ರೋಲ್ ಬರಲಿಲ್ಲವೋ, ಗಾಳಿ ಜಾಸ್ತಿಯಾಯಿತೋ, ವಾಲ್ವ್ ಸರಿಯಾಗಿ ಮುಚ್ಚಲಿಲ್ಲವೋ, ಅದಕ್ಕೆ ಗೊತ್ತಿಲ್ಲ. ಪಿ0304 ಓದಿ ನಾನು ಕಾಯಿಲ್ ತರಿಸಿದ್ದು, ಜ್ವರ ಅಂದ ಕೂಡಲೇ ಅಂಗಡಿಯಲ್ಲಿದ್ದ ಮಾತ್ರೆಯನ್ನೆಲ್ಲ ನುಂಗಿದ ಹಾಗೆ.

ಇನ್ನೊಂದು. ಲೈಟು ಸುಮ್ನೆ ಹತ್ತಿ ನಿಂತಿದ್ದರೆ ಒಂದು ಕಥೆ, ಮಿನುಗುತ್ತಿದ್ದರೆ ಬೇರೆಯೇ ಕಥೆ. ಇಸಿಯು ಮಿಸ್‌ಫೈರ್‌ಗಳನ್ನು ಎರಡು ರೀತಿ ಎಣಿಸುತ್ತದೆ. ಕ್ರ್ಯಾಂಕಿನ 1000 ಸುತ್ತುಗಳಲ್ಲಿ ಎಷ್ಟು ಎಂಬುದು ಹೊಗೆಯ ಲೆಕ್ಕಕ್ಕೆ. 200 ಸುತ್ತುಗಳಲ್ಲಿ ಎಷ್ಟು ಎಂಬುದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಯುತ್ತದೋ ಇಲ್ಲವೋ ಅನ್ನುವ ಲೆಕ್ಕಕ್ಕೆ. ಎರಡನೆಯದು ಮಿತಿ ಮೀರಿದಾಗ ಲೈಟು ಮಿನುಗುತ್ತದೆ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆ ಹೋಗಿ ಕನ್ವರ್ಟರಿನ ಒಳಗೆ ಉರಿಯುತ್ತದೆ. ಅಲ್ಲಿನ ಬಿಸಿ 1000 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಒಳಗಿರುವ ಜೇನುಗೂಡಿನಂಥ ಸೆರಾಮಿಕ್ ಕರಗಿ ಮುದ್ದೆಯಾಗಬಹುದು. ಮಿನುಗಿದರೆ ಕಾಲು ತೆಗೆಯಿರಿ. ಮನೆ ಇನ್ನೇನು ಬಂತು ಅಂತ ಒತ್ತಬೇಡಿ. ಕೆಲವು ಕಾರುಗಳಲ್ಲಿ ಇಸಿಯುವೇ ಆ ಸಿಲಿಂಡರಿನ ಇಂಜೆಕ್ಟರ್ ಬಂದ್ ಮಾಡಿಬಿಡುತ್ತದೆ. ಆಗ ಗಾಡಿ ಐದೇ ಸಿಲಿಂಡರಿನಲ್ಲಿ ಗಡಗಡ ನಡುಗುತ್ತಾ ಓಡುತ್ತದೆ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಆರೂ ಬರುತ್ತವೆ. "ಆಫ್ ಮಾಡಿ ಆನ್ ಮಾಡಿದೆ, ಸರಿ ಹೋಯ್ತು" ಅನ್ನುವವರು ಇದನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಈ ಸಲ ಕೋಡ್ ಅಳಿಸಲಿಲ್ಲ. ಫ್ರೀಜ್ ಫ್ರೇಮ್ ತೆಗೆದು ನೋಡಿದೆ. ಕೋಡ್ ಬಿದ್ದ ಆ ಕ್ಷಣದಲ್ಲಿ ಇಂಜಿನ್ ಯಾವ ಸ್ಥಿತಿಯಲ್ಲಿತ್ತು ಅನ್ನುವ ಒಂದು ಫೋಟೋ ಅಂದುಕೊಳ್ಳಿ. ಕೋಡ್ ಅಳಿಸಿದರೆ ಇದೂ ಹೋಗುತ್ತದೆ. ನನ್ನದರಲ್ಲಿ ಇದ್ದದ್ದು: 4480 ಆರ್‌ಪಿಎಂ, ಲೋಡ್ (ಇಂಜಿನ್ ಮೇಲೆ ಬಿದ್ದ ಹೊರೆ) ಶೇಕಡ 91, ಕೂಲೆಂಟ್ 88 ಡಿಗ್ರಿ, ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಶೇಕಡ +3. ನಾಲ್ಕೇ ಅಂಕಿ. ಆದರೆ ಇಷ್ಟರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

ಇಂಜಿನ್ ಬಿಸಿಯಾಗಿತ್ತು, ಅಂದರೆ ಬೆಳಗಿನ ಕೋಲ್ಡ್ ಸ್ಟಾರ್ಟಿನ ತೊಂದರೆ ಅಲ್ಲ. ಬೆಳಗ್ಗೆ ಮೊದಲ ಒಂದೆರಡು ನಿಮಿಷ ಮಾತ್ರ ಮಿಸ್ಸಿಂಗ್ ಹೊಡೆದು ಆಮೇಲೆ ಸರಿಹೋಗುವ ಗಾಡಿಗಳ ಜಾತಿಯೇ ಬೇರೆ. ಅಲ್ಲಿ ಹೆಡ್ ಗ್ಯಾಸ್ಕೆಟ್ಟಿನಿಂದ ರಾತ್ರಿಯೆಲ್ಲ ಚೂರು ಚೂರು ಕೂಲೆಂಟ್ ಸಿಲಿಂಡರಿಗೆ ಜಿನುಗಿರಬಹುದು, ಅಥವಾ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ ಆದರೆ ಇನ್‌ಟೇಕ್ ವಾಲ್ವುಗಳ ಬೆನ್ನಿಗೆ ಮಸಿ ಗಟ್ಟಿ ಕೂತಿರಬಹುದು. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುವುದರಿಂದ ಆ ವಾಲ್ವುಗಳನ್ನು ತೊಳೆಯುವವರು ಯಾರೂ ಇಲ್ಲ.

ಟ್ರಿಮ್ +3 ಅನ್ನುವುದು ಇನ್ನೂ ದೊಡ್ಡ ಸುಳಿವು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಅಷ್ಟು ಆಗುತ್ತಿದೆಯೋ ಇಲ್ಲವೋ ಅಂತ ಆಕ್ಸಿಜನ್ ಸೆನ್ಸರ್ ನೋಡಿ ಹೇಳುತ್ತದೆ, ಇಸಿಯು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಎಷ್ಟು ಹೆಚ್ಚು ಕಡಿಮೆ ಮಾಡಬೇಕಾಯಿತು ಅನ್ನುವುದೇ ಟ್ರಿಮ್. ಎಲ್ಲೋ ಇನ್‌ಟೇಕ್ ಪೈಪು ಸೀಳಿ ಗಾಳಿ ನುಗ್ಗುತ್ತಿದ್ದರೆ ಐಡ್ಲಿಂಗಿನಲ್ಲಿ ಟ್ರಿಮ್ +10, +15, ಅದಕ್ಕೂ ಮೇಲೆ ಹೋಗುತ್ತದೆ, 2500 ಆರ್‌ಪಿಎಂಗೆ ಏರಿಸಿದರೆ ಇಳಿಯುತ್ತದೆ. ಸೋರುವ ಗಾಳಿ ಅಷ್ಟೇ ಇದ್ದು ಒಟ್ಟು ಗಾಳಿ ಜಾಸ್ತಿಯಾಯಿತಲ್ಲ, ಅದಕ್ಕೆ. ಫ್ಯೂಯೆಲ್ ಪಂಪು ಸೋಲುತ್ತಿದ್ದರೆ ಉಲ್ಟಾ: ಐಡ್ಲಿಂಗಿನಲ್ಲಿ ಸರಿ, ಲೋಡ್ ಏರಿದಂತೆ ಟ್ರಿಮ್ಮೂ ಏರುತ್ತದೆ. ನನ್ನದು ಐಡ್ಲಿಂಗಿನಲ್ಲೂ +3, 2500ರಲ್ಲೂ +2. ಪೆಟ್ರೋಲು ಗಾಳಿ ಎರಡೂ ಸರಿ.

ಇಲ್ಲಿ ಒಂದು ಮೋಸ ಇದೆ, ಬಹಳ ಜನ ಬೀಳುತ್ತಾರೆ. ಸಿಲಿಂಡರ್ ಉರಿಯದಿದ್ದರೆ ಅದರೊಳಗಿನ ಆಕ್ಸಿಜನ್ ಹಾಗೇ ಹೊರಗೆ ಬರುತ್ತದೆ. ಸೆನ್ಸರಿಗೆ ಕಾಣುವುದು ಆ ಆಕ್ಸಿಜನ್ ಮಾತ್ರ, ಪಕ್ಕದಲ್ಲೇ ಹೋಗುತ್ತಿರುವ ಹಸಿ ಪೆಟ್ರೋಲು ಅದಕ್ಕೆ ಸರಿಯಾಗಿ ಕಾಣದು. "ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ" ಅಂತ ಅದು ದೂರು ಕೊಡುತ್ತದೆ. ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಅಲ್ಲಿಗೆ ಇಂಜಿನ್ ಲೀನ್ ಓಡುತ್ತಿದೆ ಅಂತ ತೀರ್ಮಾನಿಸಿ ಪಂಪು, ಇಂಜೆಕ್ಟರ್ ಬದಲಾಯಿಸಲು ಹೊರಟರೆ ಮುಗಿಯಿತು ಕಥೆ. ಲೀನ್ ಆದ್ದರಿಂದ ಮಿಸ್‌ಫೈರೋ, ಮಿಸ್‌ಫೈರ್ ಆದ್ದರಿಂದ ಲೀನೋ, ಮೊದಲು ಅದನ್ನು ನೋಡಬೇಕು.

ಉಳಿದದ್ದು ಲೋಡ್ ಶೇಕಡ 91. ಐಡ್ಲಿಂಗಿನಲ್ಲಿ ಗಾಡಿ ಸೂಜಿ ನಿಲ್ಲಿಸಿದ ಹಾಗೆ ನಿಲ್ಲುತ್ತದೆ, ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ, ಏರಿನಲ್ಲಿ ಕಾಲು ಒತ್ತಿದಾಗ ಮಾತ್ರ ಮುಗ್ಗರಿಕೆ. ಯಾಕೆ? 1889ರಲ್ಲಿ ಫ್ರೀಡ್ರಿಶ್ ಪಾಶೆನ್ ಅನ್ನುವ ಜರ್ಮನ್ ವಿಜ್ಞಾನಿ ಒಂದು ನಿಯಮ ಪ್ರಕಟಿಸಿದ. ಎರಡು ತುದಿಗಳ ನಡುವೆ ಕಿಡಿ ಹಾರಲು ಎಷ್ಟು ವೋಲ್ಟ್ ಬೇಕು ಅನ್ನುವುದು ನಡುವಿನ ಗಾಳಿಯ ಒತ್ತಡವನ್ನು ಆ ಅಂತರದಿಂದ ಗುಣಿಸಿದರೆ ಬರುವ ಮೊತ್ತದ ಮೇಲೆ ನಿಂತಿದೆ ಎಂದು. ಅವನಿಗೆ ಸ್ಪೋರ್ಟ್ಸ್ ಕಾರಿನ ಚಿಂತೆ ಇರಲಿಲ್ಲ, ಆದರೆ ನನ್ನ ಏರು ರಸ್ತೆಯ ಲೆಕ್ಕ ಇದೇ. ಐಡ್ಲಿಂಗಿನಲ್ಲಿ ಥ್ರಾಟಲ್ ಮುಚ್ಚಿದೆ, ಸಿಲಿಂಡರಿಗೆ ಬರುವ ಗಾಳಿ ಕಡಿಮೆ, ಒತ್ತಡ ಕಡಿಮೆ, ಕಿಡಿ ಸಲೀಸಾಗಿ ಹಾರುತ್ತದೆ. ಕಾಲು ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬ ಗಾಳಿ, ಒತ್ತಡ ಬಹಳ, ಅದೇ ಒಂದು ಮಿಲಿಮೀಟರಿಗೂ ಕಡಿಮೆ ಅಂತರ ಹಾರಲು ಹತ್ತಾರು ಸಾವಿರ ವೋಲ್ಟ್ ಬೇಕು. ಆಗ ಆ ಕರೆಂಟು ಕಷ್ಟದ ದಾರಿ ಬಿಟ್ಟು ಬೇರೆ ಸುಲಭದ ದಾರಿ ಎಲ್ಲಾದರೂ ಇದೆಯಾ ಅಂತ ಹುಡುಕುತ್ತದೆ. ಕಾಯಿಲ್ ಮೈ ಸೀಳಿದ್ದರೆ ಅಲ್ಲಿಂದ. ಪ್ಲಗ್ಗಿನ ಮೇಲೆ ಕೂರುವ ಕಾಯಿಲಿನ ರಬ್ಬರ್ ಬೂಟು ಹಳತಾಗಿದ್ದರೆ ಅಲ್ಲಿಂದ. ಪ್ಲಗ್ಗಿನ ಅಂತರ ಸವೆದು ಅಗಲವಾಗಿದ್ದರೆ ಬೇಕಾಗುವ ವೋಲ್ಟ್ ಇನ್ನೂ ಜಾಸ್ತಿ. ಹಾಗಾಗಿ ಲೋಡಿನಲ್ಲಿ ಮಾತ್ರ ಮಿಸ್ಸಿಂಗ್, ಟ್ರಿಮ್ ಸರಿ ಇದೆ ಅಂದರೆ ನಾನು ಕಿಡಿಯ ಕಡೆಯೇ ಕೈ ತೋರಿಸುತ್ತೇನೆ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಮೂರು ವಾರ ಹಿಡಿಯಿತು. ಯಾಕೆಂದರೆ ಕಿಡಿಗೆ ಸಂಬಂಧಪಟ್ಟದ್ದೆಲ್ಲ ಹೊಸದು, ಅಲ್ವಾ?

ಮೊದಲು ಕಾಯಿಲ್ ಅದಲುಬದಲು. ಎರಡನೆಯದನ್ನು ಒಂದಕ್ಕೆ ಹಾಕಿದೆ, ಒಂದನೆಯದನ್ನು ಎರಡಕ್ಕೆ. ಕೋಡ್ ಕಾಯಿಲ್ ಜೊತೆ ಒಂದಕ್ಕೆ ಬಂದರೆ ಕಾಯಿಲ್ಲೇ ಕಳ್ಳ. ಬರಲಿಲ್ಲ, ಮತ್ತೆ ಪಿ0302. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಆ ಭಾನುವಾರ ನಾಲ್ಕನೇ ಸಿಲಿಂಡರಿಗೆ ಇದನ್ನೇ ಮಾಡಿದ್ದರೆ ಒಂದೇ ಕಾಯಿಲಿನಲ್ಲಿ ಕೆಲಸ ಮುಗಿಯುತ್ತಿತ್ತು.

ಇದನ್ನು ಮಾಡುವ ಮುಂಚೆ ನಂಬರ್ ಎಲ್ಲಿಂದ ಶುರು ಅನ್ನುವುದನ್ನು ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಎಲ್ಲರದೂ ಒಂದೇ ರೀತಿ ಇರುವುದಿಲ್ಲ. ಫೋರ್ಡ್ ವಿ8ಗಳಲ್ಲಿ ಒಂದು ಕಡೆ 1ರಿಂದ 4, ಇನ್ನೊಂದು ಕಡೆ 5ರಿಂದ 8. ಜಿಎಂನ ಎಲ್‌ಎಸ್ ಇಂಜಿನ್ನುಗಳಲ್ಲಿ ಬೆಸ ಸಂಖ್ಯೆಗಳೆಲ್ಲ ಒಂದು ಕಡೆ, ಸಮ ಸಂಖ್ಯೆಗಳೆಲ್ಲ ಇನ್ನೊಂದು ಕಡೆ. ತಪ್ಪು ಸಿಲಿಂಡರಿನ ಕಾಯಿಲ್ ಬದಲಾಯಿಸಿ "ಹೊಸದೂ ಕೆಟ್ಟಿದೆ" ಅಂತ ವಾಪಸ್ ಕಳಿಸಿದವರನ್ನು ನಾನು ಬಲ್ಲೆ.

ಕಾಯಿಲ್ ಅಲ್ಲ ಅಂದ ಮೇಲೆ ಪ್ಲಗ್ ನೋಡಬೇಕಿತ್ತು. ನೋಡಲಿಲ್ಲ. ಹೊಸ ಪ್ಲಗ್ಗಿಗೆ ಏನಾಗಿರುತ್ತದೆ ಅನ್ನುವ ಧೈರ್ಯ. ಸೀದಾ ಇಂಜೆಕ್ಟರಿಗೆ ಹಾರಿದೆ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಯನ್ನು ಕಿವಿಗಿಟ್ಟುಕೊಂಡರೆ ಟಕಟಕ ಸದ್ದು ಕೇಳುತ್ತದೆ. ಆರೂ ಒಂದೇ ತಾಳದಲ್ಲಿದ್ದವು. ಮಲ್ಟಿಮೀಟರ್ ಇಟ್ಟರೆ ಎರಡನೆಯದು 13.8 ಓಮ್, ಉಳಿದವೂ ಅದರ ಆಸುಪಾಸು. ಈ ಬಗೆಯ ಇಂಜೆಕ್ಟರುಗಳು ಸಾಮಾನ್ಯವಾಗಿ 12ರಿಂದ 16 ಓಮ್ ಇರುತ್ತವೆ. ಕನೆಕ್ಟರುಗಳ ಪಿನ್ ಸಡಿಲವಾಗಿದೆಯಾ, ಬಿಸಿಗೆ ವೈರಿನ ಮೇಲಿನ ಪ್ಲಾಸ್ಟಿಕ್ ಒಣಗಿ ಬಿರಿದಿದೆಯಾ ಅಂತ ಒಂದು ಸಂಜೆ ಪೂರ್ತಿ ಟಾರ್ಚ್ ಹಿಡಿದು ನೋಡಿದೆ. ಏನೂ ಸಿಗಲಿಲ್ಲ.

ಆಮೇಲೆ ಹೆದರಿಕೆ ಶುರುವಾಯಿತು. ವಾಲ್ವ್ ಸುಟ್ಟಿರಬಹುದಾ? ಪಿಸ್ಟನ್ ರಿಂಗ್ ಹೋಗಿರಬಹುದಾ? ಇಂಥ ಇಂಜಿನ್ ಇಳಿಸುವುದೆಂದರೆ ಆಟದ ಮಾತಲ್ಲ. ರಾತ್ರಿ ಮಲಗಿದರೂ ಅದೇ ಯೋಚನೆ. ಕೊನೆಗೆ, ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಅಂತ ಅಳೆಯುವ ಕಂಪ್ರೆಶನ್ ಪರೀಕ್ಷೆ ಮಾಡಿಯೇಬಿಡೋಣ ಅಂತ ಗೇಜ್ ತಂದೆ. ಇಂಜಿನ್ ಬಿಸಿ ಮಾಡಿ, ಪ್ಲಗ್ ಬಿಚ್ಚಲು ಆಗುವಷ್ಟು ಆರಲು ಬಿಟ್ಟು (ಅಲ್ಯುಮಿನಿಯಂ ಹೆಡ್ಡಿನಿಂದ ಸುಡುಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಹೆಡ್ಡಿನ ಥ್ರೆಡ್ಡೂ ಜೊತೆಗೆ ಕಿತ್ತು ಬರಬಹುದು), ಆರೂ ಪ್ಲಗ್ ತೆಗೆದೆ. ಇಂಜೆಕ್ಷನ್ ಮತ್ತು ಕಾಯಿಲ್‌ಗಳ ಕರೆಂಟ್ ತಪ್ಪಿಸಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಒಂದೊಂದನ್ನೂ ಸ್ಟಾರ್ಟರ್‌ನಿಂದ ಅಷ್ಟಷ್ಟೇ ಸುತ್ತು ತಿರುಗಿಸಿದೆ. ಬಂದದ್ದು 12.4, 12.2, 12.5, 12.3, 12.1, 12.4 ಬಾರ್. ಹೆಚ್ಚು ಕಡಿಮೆ ಶೇಕಡ 10ರೊಳಗೆ ಇದ್ದರೆ ನೆಮ್ಮದಿ ಪಡಬಹುದು, ಇಲ್ಲಿ ಅದರ ಅರ್ಧದಷ್ಟೂ ಅಂತರವಿಲ್ಲ ಅನ್ನಬಹುದು. ಒಂದು ಕಡಿಮೆ ಬಂದಿದ್ದರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕಿತ್ತು. ಆಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆಯಾಗಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಹೋಗಿರುವುದೇ ಹೆಚ್ಚು. ಒಂದು ಬದಿಯ ಮೂರೂ ಒಟ್ಟಿಗೆ ಮಿಸ್ ಆಗುತ್ತಿದ್ದರೆ ಒಂದೊಂದು ಕಾಯಿಲ್ ನೋಡುತ್ತಾ ಕೂರಬಾರದು, ಆ ಬದಿಯ ಕ್ಯಾಮ್ ಟೈಮಿಂಗ್ (ವಾಲ್ವುಗಳು ತೆರೆದು ಮುಚ್ಚುವ ಹೊತ್ತು), ಕಟ್ಟಿಕೊಂಡ ಕನ್ವರ್ಟರ್, ಇಂಥ ಮೂರಕ್ಕೂ ಸೇರಿದ ವಸ್ತುವನ್ನೇ ನೋಡಬೇಕು. ನನಗೆ ಅದೊಂದೂ ಬೇಕಾಗಲಿಲ್ಲ. ಇಂಜಿನ್ ಗಟ್ಟಿಯಾಗಿತ್ತು.

ಬಿಚ್ಚಿದ ಪ್ಲಗ್ಗುಗಳ ತುದಿ ನೋಡಿದೆ. ಆರೂ ತೆಳು ಕಂದು ಬಣ್ಣ, ಚೆನ್ನಾಗಿದ್ದವು. ತುದಿ ಮಾತ್ರ ನೋಡಿದೆ, ಇದನ್ನು ನೆನಪಿಟ್ಟುಕೊಳ್ಳಿ. ಸಂತೋಷದಲ್ಲಿ, ಯಾವುದು ಎಲ್ಲಿಂದ ಬಂತು ಅಂತ ನೋಡದೆ, ಕೈಗೆ ಸಿಕ್ಕ ಪ್ಲಗ್ಗನ್ನು ಕೈಗೆ ಸಿಕ್ಕ ಸಿಲಿಂಡರಿಗೆ ಹಾಕಿ ಬಿಗಿದೆ. ಎರಡನೇ ಸಲ ಅದೇ ತಪ್ಪು, ಒಂದೇ ತಿಂಗಳಲ್ಲಿ. ಈ ಸಲ ಆ ತಪ್ಪೇ ನನ್ನನ್ನು ಕಾಪಾಡಿತು.

ಮರುದಿನ ಏರು ಹತ್ತಿಸಿದೆ. ಮುಗ್ಗರಿಸಿತು. ಸ್ಕ್ಯಾನರ್ ನೋಡಿದರೆ ಪಿ0306.

ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಎರಡರಿಂದ ಆರಕ್ಕೆ. ಎರಡು ಒಂದು ಬದಿ, ಆರು ಇನ್ನೊಂದು ಬದಿ. ಇಂಜೆಕ್ಟರ್ ನಾನು ಕದಲಿಸಿಲ್ಲ. ಕಾಯಿಲ್‌ಗಳನ್ನು ಈ ಸಲ ಅವುಗಳ ಜಾಗಕ್ಕೇ ಹಾಕಿದ್ದೆ, ಮಾರ್ಕರ್‌ನಲ್ಲಿ ನಂಬರ್ ಬರೆದಿದ್ದೆ. ವೈರು ನಡೆದುಕೊಂಡು ಹೋಗುವುದಿಲ್ಲ. ಜಾಗ ಬದಲಾಯಿಸಿದ್ದು ಪ್ಲಗ್ಗುಗಳು ಮಾತ್ರ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಿದ್ದೆ ನಾನು.

ಆರನೆಯ ಪ್ಲಗ್ ಬಿಚ್ಚಿ ಈ ಸಲ ತುದಿಯನ್ನಲ್ಲ, ಮೇಲಿನ ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಒಂದು ಕೂದಲೆಳೆ. ಪಾನಾ ಕೂರುವ ಲೋಹದ ಅಂಚಿನಿಂದ ಮೇಲಕ್ಕೆ, ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆ. ಉಗುರಿನಿಂದ ಕೆರೆದರೆ ಹೋಗಲಿಲ್ಲ. ಲೋಡ್ ಬಿದ್ದಾಗ ಕಿಡಿ ಒಳಗೆ ಹಾರುವ ಬದಲು ಈ ಗೆರೆ ಹಿಡಿದು ಹೊರಗಿನಿಂದಲೇ ಲೋಹಕ್ಕೆ ಇಳಿಯುತ್ತಿತ್ತು. ಪ್ರತಿ ಸಲ ಇಳಿದಾಗಲೂ ಗೆರೆಗೆ ಇನ್ನಷ್ಟು ಮಸಿ, ದಾರಿ ಇನ್ನಷ್ಟು ಸಲೀಸು. ಮೊದಲ ನಾಲ್ಕು ದಿನ ಗಾಡಿ ಸುಮ್ಮನಿದ್ದದ್ದು ಯಾಕೆ ಅಂತಲೂ ಆಗ ಹೊಳೆಯಿತು.

ಆ ಭಾನುವಾರವೂ ನೆನಪಾಯಿತು. ಪ್ಲಗ್ ಸಾಕೆಟ್ಟಿನ ಒಳಗೆ ಪ್ಲಗ್ಗನ್ನು ಹಿಡಿದುಕೊಳ್ಳಲು ಒಂದು ರಬ್ಬರ್ ಇರುತ್ತದಲ್ಲ, ನನ್ನದರಲ್ಲಿ ಅದು ಸಡಿಲ. ಒಂದು ಪ್ಲಗ್ ಜಾರಿ ಸಿಮೆಂಟ್ ನೆಲಕ್ಕೆ ಬಿದ್ದು ಟಿಣ್ ಅಂದಿತ್ತು. ಎತ್ತಿಕೊಂಡು, ಅಂತರ ಮುಚ್ಚಿಲ್ಲ ತಾನೆ ಅಂತ ನೋಡಿ, ಬಟ್ಟೆಯಲ್ಲಿ ಒರೆಸಿ ಹಾಕಿದ್ದೆ. ಬಿದ್ದ ಪ್ಲಗ್ಗನ್ನು ಹಾಕಬಾರದು, ಕಸಕ್ಕೆ ಎಸೆಯಬೇಕು. ಇದು ಗೊತ್ತಿರಲಿಲ್ಲ ಅಂತ ಹೇಳಲಾರೆ. ಗೊತ್ತಿತ್ತು. ಅಂಗಡಿ ಮುಚ್ಚಿತ್ತು, ಗಾಡಿ ಜಾಕಿನ ಮೇಲಿತ್ತು, ಅಷ್ಟೆ.

ಪ್ಲಗ್ ಒಂದನ್ನೇ ಬದಲಾಯಿಸಿದರೆ ಸಾಲದು ಅಂತ ಗೆಳೆಯ ಎಚ್ಚರಿಸಿದ. ಒಳ್ಳೆಯದೇ ಆಯಿತು. ಆ ಪ್ಲಗ್ಗಿನ ಮೇಲೆ ಕೂತಿದ್ದ ಕಾಯಿಲಿನ ರಬ್ಬರ್ ಬೂಟಿನ ಒಳಗೂ ಅದೇ ಗೆರೆ ಮೂಡಿರುತ್ತದೆ. ಹಾಗೇ ಬಿಟ್ಟರೆ ಹೊಸ ಪ್ಲಗ್ಗಿಗೂ ಅದೇ ಚಾಳಿ ಹತ್ತುತ್ತದೆ. ನಾನು ಕಾಯಿಲ್ ಅದಲುಬದಲು ಬೇರೆ ಮಾಡಿದ್ದೆನಲ್ಲ, ಹಾಗಾಗಿ ಆ ಪ್ಲಗ್ಗನ್ನು ಮುಟ್ಟಿದ ಬೂಟುಗಳು ಒಟ್ಟು ಮೂರು. ಟಾರ್ಚ್ ಬಿಟ್ಟು ನೋಡಿದರೆ ಎರಡರಲ್ಲಿ ಗೆರೆ ಇತ್ತು. ಮೂರನ್ನೂ ಬದಲಾಯಿಸಿದೆ, ಒಳಗೆ ಚೂರು ಡೈಎಲೆಕ್ಟ್ರಿಕ್ (ಕರೆಂಟು ಹರಿಯಲು ಬಿಡದ) ಗ್ರೀಸ್ ಸವರಿದೆ, ಪ್ಲಗ್ಗನ್ನು ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿದೆ. ಮಿಸ್ಸಿಂಗ್ ಹೋಯಿತು.

ಆದರೆ ಮೊದಲ ತೊಂದರೆ? ನಾಲ್ಕನೆಯದು? ಅದು ಯಾಕೆ ಬಂದಿತ್ತು ಅನ್ನುವುದು ಆ ರಟ್ಟಿನ ಡಬ್ಬಿಯಲ್ಲಿದ್ದ ಆರು ಕಾಯಿಲ್‌ಗಳಲ್ಲಿ ಎಲ್ಲೋ ಅಡಗಿತ್ತು, ಹೆಸರಿಲ್ಲದೆ. ಬಿಡಬಹುದಿತ್ತು. ಗಾಡಿ ಓಡುತ್ತಿದೆಯಲ್ಲ. ನನಗೆ ಬಿಡಲು ಆಗಲಿಲ್ಲ. ಕೈಗೆ ಸುಲಭವಾಗಿ ಸಿಗುವ ಸಿಲಿಂಡರ್ ಒಂದನ್ನು ಆರಿಸಿಕೊಂಡು ಹಳೆಯ ಕಾಯಿಲ್‌ಗಳನ್ನು ಒಂದೊಂದಾಗಿ ಅದಕ್ಕೇ ಹಾಕಿದೆ. ರಾತ್ರಿ ಲೈಟೆಲ್ಲ ಆರಿಸಿ, ಇಂಜಿನ್ ಸ್ಟಾರ್ಟ್ ಮಾಡಿ, ಕಾಯಿಲ್ ಮೇಲೆ ಸ್ಪ್ರೇ ಬಾಟಲಿಯಿಂದ ಸಣ್ಣಗೆ ಮಂಜಿನ ಹಾಗೆ ನೀರು ಹೊಡೆದು ನೋಡುವುದು. ಕೈ ದೂರ ಇರಲಿ, ಇದು ಸಾವಿರಾರು ವೋಲ್ಟಿನ ಆಟ. ಮೊದಲ ಮೂರರಲ್ಲಿ ಏನಿಲ್ಲ. ನಾಲ್ಕನೇ ಕಾಯಿಲ್ ಹಾಕಿ ನೀರು ಹೊಡೆದ ಕೂಡಲೇ ಅದರ ಕತ್ತಿನ ಹತ್ತಿರ ನೀಲಿ ದಾರದಂಥ ಬೆಳಕು ಚಿಟಚಿಟ ಅಂತ ಕುಣಿಯಿತು. ಇಂಜಿನ್ ನಡುಗಿತು. ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ ಮೈಮೇಲೆ ಉದ್ದಕ್ಕೆ ಒಂದು ಬಿರುಕು. ಈ ಇಂಜಿನ್ನಿನಲ್ಲಿ ಕಾಯಿಲ್‌ಗಳು ಕೆಳಗೆ, ಎಗ್ಸಾಸ್ಟ್ ಪಕ್ಕ ಇರುತ್ತವೆ. ಒಂದು ಕಡೆ ಬಿಸಿ, ಇನ್ನೊಂದು ಕಡೆ ಚಕ್ರದಿಂದ ಎರಚುವ ನೀರು. ಪ್ಲಾಸ್ಟಿಕ್ ಇನ್ನೇನು ಮಾಡೀತು.

ಐದನೆಯದೂ ಆರನೆಯದೂ ಸರಿ ಇದ್ದವು. ಅಂದರೆ ಆರರಲ್ಲಿ ಕೆಟ್ಟದ್ದು ಒಂದೇ. ಉಳಿದ ಐದನ್ನು ಈಗ ಸ್ಪೇರ್ ಅಂತ ಇಟ್ಟಿದ್ದೇನೆ, ಒಂದೊಂದರ ಮೇಲೂ ಪರೀಕ್ಷೆ ಮಾಡಿದ ತಾರೀಖು ಬರೆದು. ಬಿರುಕು ಬಿಟ್ಟ ಪ್ಲಗ್ಗನ್ನು ಗೆಳೆಯ ತೆಗೆದುಕೊಂಡು ಹೋದ. ತನ್ನ ಹತ್ತಿರ ಕೆಲಸ ಕಲಿಯುವ ಹುಡುಗರಿಗೆ ಕೊಟ್ಟು "ಇದರಲ್ಲಿ ಏನು ತಪ್ಪಿದೆ ಹೇಳ್ರೋ" ಅಂತ ಕೇಳುತ್ತಾನಂತೆ. ಮೊದಲು ಎಲ್ಲರೂ ತುದಿಯನ್ನೇ ನೋಡುತ್ತಾರಂತೆ.

ಈಗ ವಾರಕ್ಕೊಮ್ಮೆ ಸ್ಕ್ಯಾನರಿನಲ್ಲಿ ಮೋಡ್ 06 ತೆರೆದು ನೋಡುವ ಚಟ ಹತ್ತಿದೆ. ಕೋಡ್ ಬೀಳುವಷ್ಟು ಆಗದಿದ್ದರೂ ಒಂದೊಂದು ಸಿಲಿಂಡರ್ ಎಷ್ಟು ಸಲ ತಪ್ಪಿತು ಅಂತ ಅಲ್ಲಿ ಎಣಿಕೆ ಇರುತ್ತದೆ, ಈ ಸಲದ ಓಟದ್ದು ಬೇರೆ, ಹಿಂದಿನ ಹತ್ತು ಓಟಗಳ ಸರಾಸರಿ ಬೇರೆ. ನಿನ್ನೆ ಅದೇ ಏರನ್ನು ಮೂರನೇ ಗೇರಿನಲ್ಲಿ ಪೂರ್ತಿ ಹತ್ತಿಸಿ ಬಂದು ನೋಡಿದೆ. ಐದು ಸಿಲಿಂಡರಿಗೆ ಸೊನ್ನೆ. ಮೂರನೆಯದಕ್ಕೆ ಎರಡು. ಅಷ್ಟು ಸಾವಿರ ಕಿಡಿಗಳಲ್ಲಿ ಎರಡು ತಪ್ಪಿದರೆ ಅದು ಲೆಕ್ಕಕ್ಕೇ ಇಲ್ಲ, ಗೊತ್ತು. ಆದರೂ ತಾರೀಖಿನ ಜೊತೆ ಬರೆದಿಟ್ಟುಕೊಂಡಿದ್ದೇನೆ.